ಪಿಸ್ಟನ್ನೊಂದನ್ನು ಹೊತ್ತು ಕಲ್ಕತ್ತೆಗೆ

ಹೌರಾದಿಂದ ಬರ್ಧಮಾನದ ಕಡೆಗೆ ಹೊರಡುವ ಲೋಕಲ್ ಗಾಡಿಯಲ್ಲಿ ಕುಳಿತರೆ ಹೂಗ್ಲಿ ನದಿ ಬಲಗಡೆಗೆ ಸಮೀಪದಲ್ಲಿಯೇ ಇರುತ್ತದೆ. ಆದರೆ ಮನೆಗಳ ಹಿಂದೆ, ಗಿರಣಿಗಳ ಹಿಂದೆ ಅಡಗಿಕೊಂಡು ಅದು ಪ್ರಯಾಣಿಕನ ಕಣ್ಣಿಗೆ ಬೀಳುವುದಿಲ್ಲ. ಲಿಲುವಾ ದಾಟಿತು. ಬೇಲೂರು ಬಂದಿತು. ನಮ್ಮ ಹಾಸನದ ಬೇಲೂರಲ್ಲ, ರಾಮಕೃಷ್ಣ ಮಠದ ಬೇಲೂರು. ಆಮೇಲೆ ಬಾಲಿ, ಉತ್ತರಪಾಡಾ. ಅದರ ಮುಂದಿನ ನಿಲ್ದಾಣದ ಹೆಸರನ್ನು ಓದಿದಾಗ ಹೊಸಬರಿಗೆ ನಗು ಬಂದರೆ ಆಶ್ಚರ್ಯವಿಲ್ಲ: ‘ಹಿಂದ್ ಮೋಟರ್’. ಊರಿನಿಂದ ಹೆಸರು ಪಡೆದ ಕಾರ್ಖಾನೆಗಳು ಬಹಳ. ಕಾರ್ಖಾನೆಯಿಂದ ಹೆಸರು ಪಡೆದ ರೈಲು ನಿಲ್ದಾಣ ಅಷ್ಟು ಸಾಮಾನ್ಯವಲ್ಲ. ಕಾರ್ಖಾನೆ ನಿಂತು ವರ್ಷಗಳೇ ಉರುಳಿದ ಮೇಲೂ ಗಾಡಿಗಳು ಇಲ್ಲಿ ನಿಲ್ಲುತ್ತಲೇ ಇವೆ.

2023ರ ಡಿಸೆಂಬರ್ ತಿಂಗಳ ಒಂದು ಬೆಳಿಗ್ಗೆ ನಾನು ಅಲ್ಲಿ ಇಳಿದೆನು. ನನ್ನ ಕೈಚೀಲದಲ್ಲಿ ಒಂದು ಜೊತೆ ಬಟ್ಟೆ, ನನ್ನ ತಾಯಿ ಕಟ್ಟಿಕೊಟ್ಟಿದ್ದ ಚಕ್ಕುಲಿಯ ಡಬ್ಬಿ, ಹಳೆಯ ಟವೆಲಿನಲ್ಲಿ ಸುತ್ತಿದ ಒಂದು ಪಿಸ್ಟನ್ನು ಇದ್ದವು. ಈ ಪಿಸ್ಟನ್ನಿನ ಕಥೆಯನ್ನು ಮೊದಲು ಹೇಳದಿದ್ದರೆ ಅರವತ್ತು ದಾಟಿದ ಮನುಷ್ಯನೊಬ್ಬನು ಬೆಂಗಳೂರಿನಿಂದ ಇಷ್ಟು ದೂರ ಏಕೆ ಬಂದನೆಂಬುದು ವಾಚಕರಿಗೆ ತಿಳಿಯಲಾರದು.

ನಮ್ಮ ತಂದೆಯವರು ತೀರ್ಥಹಳ್ಳಿಯ ಕಡೆ ವೈದ್ಯರಾಗಿದ್ದರು. 1958ರಲ್ಲಿ ಅವರು ಒಂದು ಅಂಬಾಸಡರ್ ಕಾರನ್ನು ಕೊಂಡರು. ಕಷ್ಟದ ರೋಗಿಗಳನ್ನು ಆಗುಂಬೆಯ ಘಾಟಿ ಇಳಿಸಿ ಕರಾವಳಿಯ ದೊಡ್ಡ ಆಸ್ಪತ್ರೆಗೆ ಸಾಗಿಸುವುದು ಅದರ ಮುಖ್ಯ ಕೆಲಸ. ಇಳಿಯುವಾಗ ತೊಂದರೆಯಿರಲಿಲ್ಲ. ಹತ್ತುವಾಗ ಹದಿನಾಲ್ಕು ತಿರುವುಗಳಲ್ಲಿ ಏಳನೆಯದೋ ಎಂಟನೆಯದೋ ಬರುವ ವೇಳೆಗೆ ರೇಡಿಯೇಟರಿನ ನೀರು ಕುದಿದು, ಕಾರು ಸ್ನಾನದ ಹಂಡೆಯಂತೆ ಹಬೆಯಾಡುತ್ತ ನಿಲ್ಲುತ್ತಿತ್ತು. 1968ರಲ್ಲಿ ಎಂಜಿನು ಪೂರ್ತಿಯಾಗಿ ಕಚ್ಚಿಕೊಂಡಿತು. ತಂದೆಯವರ ಸ್ನೇಹಿತರೇ ಎನ್ನಬಹುದಾದ ಶಿವಮೊಗ್ಗದ ಮೇಸ್ತ್ರಿಯೊಬ್ಬರು ಕಾರನ್ನು ಎಳೆಸಿಕೊಂಡು ಹೋಗಿ, ಎರಡು ತಿಂಗಳು ಇಟ್ಟುಕೊಂಡು, ರಿಪೇರಿ ಮಾಡಿ ಕಳುಹಿಸಿದರು. ಆಮೇಲೆ ಘಾಟಿಯಲ್ಲಿ ಅದು ಕುದಿಯಲಿಲ್ಲ. ಮರುವರ್ಷ ಕಾರಿನ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಬಾನೆಟ್ಟನ್ನೆತ್ತಿ, ಎಂಜಿನ್ನಿನ ಸಂಖ್ಯೆಯೂ ಪುಸ್ತಕದಲ್ಲಿರುವ ಸಂಖ್ಯೆಯೂ ಬೇರೆ ಬೇರೆಯೆಂದು ತೋರಿಸಿದರು. ಮೇಸ್ತ್ರಿಯನ್ನು ಕೇಳಿದಾಗ, “ಹಳೆಯದು ಕೆಲಸಕ್ಕೆ ಬಾರದೆ ಹೋಯಿತು ಡಾಕ್ಟ್ರೇ, ಅದಕ್ಕಿಂತ ಒಳ್ಳೆಯದನ್ನು ಕೂಡಿಸಿದ್ದೇನೆ” ಎಂದರು. ಮೊದಲೇ ಏಕೆ ಹೇಳಲಿಲ್ಲವೆಂಬುದಕ್ಕೆ ಅವರಲ್ಲಿ ಉತ್ತರವಿರಲಿಲ್ಲ. ಮೋಟಾರು ಬಲ್ಲವರೆನಿಸಿಕೊಂಡ ನೆರೆಯವರೊಬ್ಬರು, “ಯಾವುದೋ ಟ್ಯಾಕ್ಸಿಯ ಸವೆದ ಎಂಜಿನು ಇರಬೇಕು, ನಿಮ್ಮದನ್ನು ಮಾರಿಕೊಂಡಿದ್ದಾನೆ” ಎಂದು ತೀರ್ಪಿತ್ತರು. “ಚಿನ್ನ ಒಯ್ದು ಹಿತ್ತಾಳೆ ಕೊಟ್ಟ” ಎಂದು ತಂದೆಯವರು ಒಮ್ಮೆ ಅಂದರು. ಅಷ್ಟೇ. ಮತ್ತೆ ಆ ಮೇಸ್ತ್ರಿಯ ಅಂಗಡಿಯ ಮೆಟ್ಟಿಲನ್ನು ಹತ್ತಲಿಲ್ಲ. ಇಬ್ಬರೂ ಇಂದು ಇಲ್ಲ.

1979ರಲ್ಲಿ ಬೇರೊಂದು ಕಾರ್ಯಾಗಾರದಲ್ಲಿ ಎಂಜಿನ್ನಿನ ಸಿಲಿಂಡರುಗಳನ್ನು ಕೊರೆಸಿ ಹೊಸ ಪಿಸ್ಟನ್ ಹಾಕಿಸಿದರು. ತೆಗೆದ ಹಳೆಯ ನಾಲ್ಕರಲ್ಲಿ ಒಂದನ್ನು ಕಾಂಪೌಂಡರು ತಿಕ್ಕಿ ಹೊಳಪಿಟ್ಟು, ತಲೆಕೆಳಗಾಗಿ ನಿಲ್ಲಿಸಿ, ತಂದೆಯವರ ಮೇಜಿನ ಮೇಲೆ ಪೆನ್ನು ಇಡುವ ಪಾತ್ರೆಯಾಗಿ ಮಾಡಿದರು. ನಾನು ಹೊತ್ತು ತಂದಿದ್ದುದು ಅದನ್ನೇ. ಕಾರು ಈಗ ಬೆಂಗಳೂರಿನಲ್ಲಿ ನನ್ನ ಮನೆಯ ಮುಂದಿದೆ. ಹೊಗೆ ಉಗುಳತೊಡಗಿದ್ದರಿಂದ ಆ ವರ್ಷ ಅದರ ತಲೆಯನ್ನು ಬಿಚ್ಚಿಸಿದ್ದೆ. ಬಿಚ್ಚಿದವನು ಪಿಸ್ಟನ್ನುಗಳ ನೆತ್ತಿಯ ಮೇಲಿನ 40 ಎಂಬ ಮುದ್ರೆಯನ್ನು ತೋರಿಸಿ, “ಇದಕ್ಕೆ ರಿಂಗು ಇಲ್ಲಿ ಸಿಕ್ಕುವುದು ಕಷ್ಟ, ಕಲ್ಕತ್ತೆಯ ಮಲ್ಲಿಕ್ ಬಜಾರಿನಲ್ಲಿ ನೋಡಿ” ಎಂದನು. ರಿಂಗು ಒಂದು ನೆಪ. ಐವತ್ತೈದು ವರ್ಷಗಳ ಹಿಂದೆ ಕಾರಿನೊಳಗೆ ಬಂದು ಕುಳಿತ ಆ ಎಂಜಿನು ಹಿತ್ತಾಳೆಯೋ ಅಲ್ಲವೋ ಎಂಬುದನ್ನು ಬಲ್ಲವರಿಂದ ತಿಳಿಯಬೇಕೆಂಬ ಆಸೆ ನನ್ನಲ್ಲಿತ್ತು.

ಹಿಂದ್ ಮೋಟರಿನ ಗೇಟು ಮುಚ್ಚಿತ್ತು. ಒಳಗೆ ಉದ್ದುದ್ದವಾದ ಕಟ್ಟಡಗಳ ಮಾಡುಗಳು ತುಕ್ಕು ಹಿಡಿದಿದ್ದುವು. ಗೋಡೆಯ ಬಿರುಕಿನಲ್ಲಿ ಅರಳಿಯ ಸಸಿ. ಹಿಂದುಸ್ತಾನ್ ಮೋಟರ್ಸ್ ಸಂಸ್ಥೆ ಹುಟ್ಟಿದ್ದು 1942ರಲ್ಲಿ, ಗುಜರಾತಿನ ಓಖಾ ಬಂದರಿನಲ್ಲಿ. 1948ರಲ್ಲಿ ಅದು ಉತ್ತರಪಾಡಾಕ್ಕೆ ಬಂದಿತು. ಎರಕದ ಮನೆಯಿಂದ ಹಿಡಿದು ಬಣ್ಣದ ಮನೆಯವರೆಗೆ ಎಲ್ಲವೂ ಒಂದೇ ಆವರಣದಲ್ಲಿದ್ದ ದೊಡ್ಡ ಸಂಸಾರ ಅದು. 2014ರ ಮೇ ತಿಂಗಳಲ್ಲಿ ಕೆಲಸ ನಿಂತಿತು. 2017ರಲ್ಲಿ ‘ಅಂಬಾಸಡರ್’ ಎಂಬ ಹೆಸರನ್ನು ಫ್ರಾನ್ಸಿನ ಪೂಜೋ ಸಂಸ್ಥೆ 80 ಕೋಟಿ ರೂಪಾಯಿಗಳಿಗೆ ಕೊಂಡುಕೊಂಡಿತು. ಹೆಸರಿಗೂ ಕಾರ್ಖಾನೆಗೂ ಅಂದಿಗೆ ಋಣ ಹರಿಯಿತು.

ಗೇಟಿನೆದುರು ಚಹದ ಅಂಗಡಿಯಲ್ಲಿ ಕುಳಿತಿದ್ದ ಒಬ್ಬ ವೃದ್ಧರು ನನ್ನ ಚೀಲದ ಭಾರವನ್ನು ಕಂಡು ಕುತೂಹಲಗೊಂಡರು. ಟವೆಲನ್ನು ಬಿಚ್ಚಿದೆನು. ಅವರು ಎಂಜಿನ್ ವಿಭಾಗದಲ್ಲಿ ಮೂವತ್ತು ವರ್ಷ ದುಡಿದವರಂತೆ. ಪಿಸ್ಟನ್ನನ್ನು ಎರಡೂ ಕೈಗಳಿಂದ ತೆಗೆದುಕೊಂಡು, ಹಸುಗೂಸನ್ನು ನೋಡುವಂತೆ ತಿರುಗಿಸಿ ನೋಡಿದರು. “ಕಾರು ಯಾವ ವರ್ಷದ್ದು?” ಎಂದರು. 1958 ಎಂದೆ. “ಹಾಗಾದರೆ ಇದು ಅದರ ಹೊಟ್ಟೆಯಲ್ಲಿ ಹುಟ್ಟಿದ್ದಲ್ಲ” ಎಂದು ನಕ್ಕರು.

ಅವರು ಹಿಂದಿಯಲ್ಲಿಯೂ ಬಂಗಾಳಿಯಲ್ಲಿಯೂ ಬೆರೆಸಿ ಹೇಳಿದುದರ ಸಾರ ಇದು. ಅಂಬಾಸಡರಿಗಿಂತ ಮುಂಚೆ, 1954ರಿಂದ, ಇಲ್ಲಿ ಲ್ಯಾಂಡ್‌ಮಾಸ್ಟರ್ ಎಂಬ ಕಾರು ತಯಾರಾಗುತ್ತಿತ್ತು. ಅದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ಎರಡನೆಯ ಮಾದರಿ. ಮೈ ಹೊಸದಾದರೂ ಒಳಗಿನ ಎಂಜಿನು ಅದಕ್ಕೂ ಹಿಂದಿನ ಆಕ್ಸ್‌ಫರ್ಡಿನದು: 1476 ಸಿ.ಸಿ.ಯ, ಪಕ್ಕ-ಕವಾಟದ ಎಂಜಿನು. ಅದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ಅದೇ ಮೈಯೊಳಗೆ ಹೊಸ ಎಂಜಿನು ಕುಳಿತಿತ್ತು. 1957-58ರಲ್ಲಿ ಮೂರನೆಯ ಮಾದರಿಯ ಮೈ ಅಂಬಾಸಡರ್ ಎಂಬ ಹೆಸರಿನಿಂದ ಇಲ್ಲಿಗೆ ಬಂದಾಗಲೂ ಮೊದಲ ಕಾರುಗಳಿಗೆ ಆ ಹಳೆಯ ಎಂಜಿನನ್ನೇ ಕೂಡಿಸಿದರು. 1959ರಲ್ಲಿ ಮಾತ್ರ ಅದು ಹೋಗಿ, 1489 ಸಿ.ಸಿ.ಯ, ಮೇಲ್-ಕವಾಟದ ‘ಬಿ-ಸೀರೀಸ್’ ಎಂಜಿನು ಬಂದಿತು.

ಪಕ್ಕ-ಕವಾಟವೆಂದರೇನು? ಎಂಜಿನ್ನಿನೊಳಗೆ ಗಾಳಿ ಬರುವ, ಹೊಗೆ ಹೋಗುವ ಬಾಗಿಲುಗಳೇ ಕವಾಟಗಳು. ಹಳೆಯ ಪದ್ಧತಿಯಲ್ಲಿ ಅವು ಸಿಲಿಂಡರಿನ ಮಗ್ಗುಲಿನಲ್ಲಿ ನಿಂತು ಮೇಲಕ್ಕೆ ತೆರೆಯುತ್ತವೆ. ಎಂಜಿನ್ನಿನ ತಲೆ ಕೇವಲ ಒಂದು ಚಪ್ಪಟೆ ಮುಚ್ಚಳ. ಸ್ಪಾರ್ಕ್ ಪ್ಲಗ್ಗುಗಳು ಅದರ ಮೇಲೆ ದೀಪದ ಬತ್ತಿಗಳಂತೆ ನೆಟ್ಟಗೆ ನಿಂತಿರುತ್ತವೆ. ಹೊಸ ಪದ್ಧತಿಯಲ್ಲಿ ಕವಾಟಗಳು ತಲೆಯಿಂದಲೇ ಕೆಳಮುಖವಾಗಿ ತೂಗುತ್ತವೆ. ಅವುಗಳನ್ನು ಒತ್ತುವ ಸನ್ನೆಗಳ ಮೇಲೆ ತಗಡಿನ ಉದ್ದನೆಯ ಕವಚವೊಂದು, ಅದರ ಮೇಲೆ ಎಣ್ಣೆ ಹೊಯ್ಯುವ ಮುಚ್ಚಳ. ಪ್ಲಗ್ಗುಗಳು ಪಕ್ಕಕ್ಕೆ ಸರಿದಿರುತ್ತವೆ. ಬಾನೆಟ್ಟನ್ನೆತ್ತಿದ ಕ್ಷಣದಲ್ಲಿ ಮಕ್ಕಳೂ ಗುರುತಿಸಬಹುದು. ಗಾಳಿಯ ದಾರಿ ನೇರವಾದಷ್ಟೂ ಎಂಜಿನು ಸಲೀಸಾಗಿ ಉಸಿರಾಡುತ್ತದೆ. ಹಳೆಯದರ ಬಲ 40 ಕುದುರೆಗಳ ಆಸುಪಾಸು, ಹೊಸದರದು 55. ಕಾರಿನ ತೂಕವೋ ಅದೇ.

ಏಳನೆಯ ತಿರುವು ನನ್ನ ಕಣ್ಣ ಮುಂದೆ ಬಂದಿತು. ತಂದೆಯವರು ರೋಗಿಯ ಎದೆಯ ಸದ್ದನ್ನು ಕಿವಿಗೊಟ್ಟು ಕೇಳಬಲ್ಲವರಾದರೂ ಬಾನೆಟ್ಟನ್ನು ಎತ್ತಿ ನೋಡಿದವರಲ್ಲ. ಅವರು ಚಿನ್ನವೆಂದುಕೊಂಡದ್ದು ಕಾರ್ಖಾನೆಯವರೇ ಕಾರು ಬಂದ ಮರುವರ್ಷ ಕೈಬಿಟ್ಟ ಎಂಜಿನು!

ಆದರೆ ಅರ್ಧ ಪ್ರಶ್ನೆಗೆ ಮಾತ್ರ ಉತ್ತರ ಸಿಕ್ಕಿತ್ತು. ಹೊಸ ಮಾದರಿಯದೇ ಆದರೂ ಸವೆದುಹೋದ ಟ್ಯಾಕ್ಸಿಯ ಎಂಜಿನು ಆಗಿರಬಾರದೇನು? ವೃದ್ಧರು ಭುಜ ಕುಣಿಸಿದರು. “ಹುಟ್ಟನ್ನು ನಾನು ಹೇಳಬಲ್ಲೆ. ಸವೆತವನ್ನು ಮಲ್ಲಿಕ್ ಬಜಾರಿನವರು ಹೇಳಬೇಕು.” ನಾನು ಕೊಟ್ಟ ಚಕ್ಕುಲಿಯನ್ನು ಮೆಚ್ಚಿಕೊಂಡರು.

ಹಿಂದಿರುಗುವಾಗ ಉತ್ತರಪಾಡಾದಲ್ಲಿ ಇಳಿದು ನದಿಯ ದಡದ ಜಯಕೃಷ್ಣ ಗ್ರಂಥಾಲಯವನ್ನು ನೋಡಿದೆನು. 1859ರ ಗ್ರಂಥಾಲಯ, ದಪ್ಪ ಕಂಬಗಳ ಹಳೆಯ ಸೌಧ. ಕವಿ ಮೈಕೇಲ್ ಮಧುಸೂದನ ದತ್ತರು 1873ರಲ್ಲಿ, ಕಾಯಿಲೆಯೂ ಸಾಲವೂ ಮುತ್ತಿದ ಕಡೆಯ ದಿನಗಳಲ್ಲಿ, ಇಲ್ಲಿ ಕೆಲಕಾಲ ಆಶ್ರಯ ಪಡೆದಿದ್ದರು. ಅರವಿಂದರು 1909ರ ಮೇ 30ರಂದು ಪ್ರಸಿದ್ಧವಾದ ಭಾಷಣ ಮಾಡಿದ್ದು ಈ ಊರಿನಲ್ಲಿಯೇ. ಮೋಟಾರಿನ ಗೀಳಿನಲ್ಲಿ ಬಂದವನಿಗೆ ಇವೆಲ್ಲ ಅನಿರೀಕ್ಷಿತವಾದ ಲಾಭ. ನದಿಯ ಮೇಲಿನಿಂದ ಬಂದ ಗಾಳಿ ತಣ್ಣಗಿತ್ತು.

ಮರುದಿನ ಮಲ್ಲಿಕ್ ಬಜಾರ್. ಕಲ್ಕತ್ತೆಯ ಪಾರ್ಕ್ ಸ್ಟ್ರೀಟು ಆಚಾರ್ಯ ಜಗದೀಶಚಂದ್ರ ಬೋಸ್ ರಸ್ತೆಯನ್ನು ಕೂಡುವಲ್ಲಿ ಅದು ಇದೆ. ಹತ್ತಿರದ ಲೋಯರ್ ಸರ್ಕ್ಯುಲರ್ ರಸ್ತೆಯ ಸ್ಮಶಾನದಲ್ಲಿ, ಹಿಂದಿನ ದಿನ ನೆನೆದ ಅದೇ ಮಧುಸೂದನರ ಸಮಾಧಿಯಿದೆ. ಒಂದು ಗೋಡೆಯ ಒಳಗೆ ಮನುಷ್ಯರ ಸ್ಮಶಾನ, ರಸ್ತೆಯ ಈಚೆಗೆ ಮೋಟಾರುಗಳದ್ದು. ಆದರೆ ಮೋಟಾರುಗಳಿಗೆ ಇಲ್ಲಿ ಪುನರ್ಜನ್ಮವುಂಟು. ಗಿಡ್ಡ ಅಂಗಡಿಗಳ ಮುಂದೆ ಗೇರುಪೆಟ್ಟಿಗೆಗಳು ಕುಂಬಳಕಾಯಿಗಳಂತೆ ರಾಶಿ ಬಿದ್ದಿರುತ್ತವೆ, ಬಾಗಿಲುಗಳನ್ನು ಪುಸ್ತಕಗಳಂತೆ ನಿಲ್ಲಿಸಿರುತ್ತಾರೆ, ಕಾಲಿಟ್ಟಲ್ಲೆಲ್ಲ ಎಣ್ಣೆ. ವರ್ಷ ವರ್ಷಕ್ಕೆ ನಗರದ ಹಳದಿ ಟ್ಯಾಕ್ಸಿಗಳು ಕಡಮೆಯಾಗುತ್ತಿರುವುದರಿಂದ ಅಂಬಾಸಡರಿನ ಅವಯವಗಳಿಗೆ ಇಲ್ಲಿ ಬರಗಾಲವಿರಲಿಲ್ಲ.

ನಾಲ್ಕೈದು ಅಂಗಡಿ ಅಲೆದ ಮೇಲೆ ಒಬ್ಬ ವ್ಯಾಪಾರಿಯ ಬಳಿಗೆ ಕಳುಹಿಸಿದರು. ಎಪ್ಪತ್ತೈದರ ಪ್ರಾಯ, ಬಿಳಿಯ ಗಡ್ಡ, ಜೇಬಿನಲ್ಲಿ ಪೆನ್ನಿನ ಬದಲು ಒಂದು ವರ್ನಿಯರ್ ಅಳತೆಪಟ್ಟಿ. ನನ್ನ ಕಾರಿನ ಚಿತ್ರಗಳನ್ನು ಫೋನಿನಲ್ಲಿ ತೋರಿಸಹೋದರೆ ಅವರು ಮುಂಭಾಗದ ಚಿತ್ರಗಳನ್ನು ನೋಡಲೇ ಇಲ್ಲ. 1963ರ ಮಾರ್ಕ್ 2ರಲ್ಲಿ ಮುಂದಿನ ಜಾಲರಿ ಬದಲಾಯಿತು, 1975ರ ಮಾರ್ಕ್ 3ರಲ್ಲಿ ಮತ್ತೆ, 1979ರ ಮಾರ್ಕ್ 4ರಲ್ಲಿ ಮತ್ತೆ; ಆದರೆ ಜಾಲರಿಯನ್ನು ಯಾರು ಬೇಕಾದರೂ ತಿರುಪು ಬಿಚ್ಚಿ ಬದಲಿಸಬಹುದು. ಮುಖ ನೋಡಿ ಮಣೆ ಹಾಕಬಾರದೆಂಬ ನಮ್ಮ ಗಾದೆಯನ್ನು ಅವರಿಗೆ ಹಿಂದಿಯಲ್ಲಿ ವಿವರಿಸಿದೆ. ಒಪ್ಪಿದರು.

ಪರಿಚಯವಾದ ಮೇಲೆ ಅವರು ಅಂಗಡಿಯ ಹಿಂದಿನ ಕತ್ತಲೆಯಲ್ಲಿ ನನಗೆ ಪಾಠವನ್ನೇ ಹೇಳಿದರು. ಸಾಲಾಗಿ ಬಿದ್ದಿದ್ದ ಎಂಜಿನ್ನುಗಳು ನನ್ನ ಕಣ್ಣಿಗೆ ಒಂದೇ ತಾಯಿಯ ಮಕ್ಕಳಂತಿದ್ದುವು. ಒಂದಕ್ಕೆ ಪ್ಲಗ್ಗೂ ಇಲ್ಲ, ಕಿಡಿ ಹಂಚುವ ಡಿಸ್ಟ್ರಿಬ್ಯೂಟರೂ ಇಲ್ಲ, ಬದಿಗೆ ಇಂಧನವನ್ನು ಚಿಮ್ಮಿಸುವ ಪಂಪು ಇದೆ. ಅದು 1980ರ ಸುಮಾರಿಗೆ ಬಂದ ಡೀಸೆಲ್, ಅದೂ 1489 ಸಿ.ಸಿ.ಯೇ, ಬಲ ಮಾತ್ರ 37 ಕುದುರೆ. ಇನ್ನೊಂದು 1984ರ ಕಾಂಟೆಸ್ಸಾ ಕಾರಿನಿಂದ ತೆಗೆದದ್ದು. ಅಷ್ಟು ಠೀವಿಯ ಕಾರಿಗೂ ಮೊದಲು ಕೂಡಿಸಿದ್ದು ಇದೇ 1489ನ್ನು. ಮೂಲೆಯಲ್ಲಿದ್ದ ಬೇರೆ ಬಗೆಯದು ಜಪಾನಿನ ಇಸುಜು ವಿನ್ಯಾಸದ್ದು, 1817 ಸಿ.ಸಿ.; 1990ರ ದಶಕದ ಆದಿಯಲ್ಲಿ ಅಂಬಾಸಡರಿಗೆ ಬಂದಿತು. ಅದರಲ್ಲಿ ಕವಾಟಗಳನ್ನು ತಳ್ಳುವ ಕ್ಯಾಮ್ ದಂಡವೇ ತಲೆಯ ಮೇಲೇರಿ ಕುಳಿತಿದೆ. ಬಿ-ಸೀರೀಸಿನಲ್ಲಿ ಅದು ಕೆಳಗೆ, ಬ್ಲಾಕಿನೊಳಗೆ ಇರುತ್ತದೆ. ಗಾಳಿಯ ಕೊಳವೆ, ಹೊಗೆಯ ಕೊಳವೆ ಎರಡೂ ಒಂದೇ ಮಗ್ಗುಲಿಗೆ, ಪ್ಲಗ್ಗುಗಳು ಎದುರು ಮಗ್ಗುಲಿಗೆ ಇದ್ದರೆ ಬಿ-ಸೀರೀಸಿನ ಪೆಟ್ರೋಲ್ ಎಂಜಿನು ಎಂದು ತಿಳಿಯಿರಿ ಎಂದರು.

ನನಗೆ ಹೆಚ್ಚು ಸ್ವಾರಸ್ಯವೆನಿಸಿದ್ದು ಬೇರೆ ವಿಷಯ. ಇಂಗ್ಲೆಂಡಿನಲ್ಲಿ ಈ ಎಂಜಿನ್ನು 1200, 1489, 1588, 1622, 1798 ಸಿ.ಸಿ.ಗಳಲ್ಲಿ ತಯಾರಾಯಿತು. ಆದರೆ ಪಿಸ್ಟನ್ನು ಮೇಲೆ ಕೆಳಗೆ ಓಡಾಡುವ ದೂರ ಎಲ್ಲದರಲ್ಲಿಯೂ ಒಂದೇ: 88.9 ಮಿಲಿಮೀಟರ್, ಅಂದರೆ ಸರಿಯಾಗಿ ಮೂರೂವರೆ ಅಂಗುಲ. ಬೆಳೆದದ್ದು ಸಿಲಿಂಡರಿನ ಅಗಲ ಮಾತ್ರ. 1489ರಲ್ಲಿ ಅದು 73.025 ಮಿಲಿಮೀಟರ್, 1622ರಲ್ಲಿ 76.2. ಆದ್ದರಿಂದ ಈ ಕುಟುಂಬದಲ್ಲಿ ಯಾರು ಯಾರೆಂದು ತಿಳಿಯಲು ಅಗಲವನ್ನು ಅಳೆದರೆ ಬಹುಪಾಲು ಸಾಕು. ಸವೆದ ಸಿಲಿಂಡರನ್ನು ಕೊರೆದು ಹಿಗ್ಗಿಸುವಾಗ ಅಂಗುಲದ ಸಾವಿರದ 10, 20, 30, 40 ಭಾಗಗಳಷ್ಟು ಹೆಚ್ಚಿಸುವುದು ವಾಡಿಕೆ. ನನ್ನ ಕಾರಿನ ಈಗಿನ ಪಿಸ್ಟನ್ನಿನ ಮೇಲಿದ್ದ 40ರ ಅರ್ಥ ಅದು. ಒಂದು ಮಿಲಿಮೀಟರಿಗಿಂತ ಕೂದಲೆಳೆಯಷ್ಟು ಹೆಚ್ಚು. ಪೂರ್ತಿ 40 ಹಿಗ್ಗಿಸಿದರೂ 1489ರ ಅಗಲ 74.04 ಆಗುವುದೇ ಹೊರತು 1622ರ ಅಗಲವನ್ನು ಮುಟ್ಟದು.

ಅವರು ವರ್ನಿಯರನ್ನು ತೆಗೆದು ತಂದೆಯವರ ಪೆನ್ನಿನ ಪಾತ್ರೆಯನ್ನು ಕೈಗೆತ್ತಿಕೊಂಡರು. ನಾನು ಉಸಿರು ಬಿಗಿಹಿಡಿದಿದ್ದೆನೆಂದು ಹೇಳಿದರೆ ನಗಬೇಡಿ. “ಒಂದು ವೇಳೆ ಇದು 73.5 ಬಂದರೆ ನಾನೇನೂ ಹೇಳಲಾರೆ” ಎಂದರು ಅಳೆಯುವ ಮುನ್ನ. ಏಕೆಂದು ಕೇಳಿದೆ. ಹಳೆಯ ಪಕ್ಕ-ಕವಾಟದ ಸಿಲಿಂಡರು ಹುಟ್ಟಿನಿಂದಲೇ 73.5. ಹೊಸದನ್ನು 20 ಹಿಗ್ಗಿಸಿದರೆ ಅದೂ 73.53. ಚೆನ್ನಾಗಿರುವ ಹಳೆಯದೋ ಸವೆದ ಹೊಸದೋ ಎಂಬುದನ್ನು ಅಳತೆಯೊಂದೇ ಹೇಳದು. ಇಲ್ಲಿಯೇ ಬಹಳ ಮಂದಿ ಮೋಸ ಹೋಗುತ್ತಾರೆ.

ಪಿಸ್ಟನ್ನಿನ ನೆತ್ತಿಯನ್ನು ಅಳೆಯಬಾರದು, ಅದು ಬೇಕೆಂದೇ ಸ್ವಲ್ಪ ಕಿರಿದಾಗಿರುತ್ತದೆ. ಕೆಳಗಿನ ಸೆರಗನ್ನು, ಪಿನ್ನಿನ ತೂತಿಗೆ ಅಡ್ಡವಾಗಿ ಅಳೆಯಬೇಕು. ಅವರು ಹಾಗೆಯೇ ಮೂರು ಸಲ ಅಳೆದು, ಕನ್ನಡಕವನ್ನು ಹಣೆಗೇರಿಸಿ ಓದಿದರು. 73ಕ್ಕಿಂತ ಒಂದಿಷ್ಟೇ ಕಡಮೆ. ಸಿಲಿಂಡರಿನೊಳಗೆ ಓಡಾಡಲು ಬಿಡುವ ಸಂದು, ಹತ್ತು ಹನ್ನೊಂದು ವರ್ಷಗಳ ಸವೆತ ಎರಡನ್ನೂ ಕೂಡಿಸಿದರೆ 73.025ರ ಸಿಲಿಂಡರಿಗೇ ಮಾಡಿದ್ದು. ನೆತ್ತಿಯನ್ನು ಸೀಮೆಎಣ್ಣೆಯಿಂದ ಒರೆಸಿ ಹುಡುಕಿದರೂ ಹಿಗ್ಗಿಸಿದ ಮುದ್ರೆ ಯಾವುದೂ ಇಲ್ಲ. ಅಂದರೆ 1979ರಲ್ಲಿ ಕೊರೆಸುವವರೆಗೆ ಆ ಎಂಜಿನ್ನನ್ನು ಯಾರೂ ಕೊರೆದಿರಲಿಲ್ಲ. 1968ರಲ್ಲಿ ಮೇಸ್ತ್ರಿ ಕೂಡಿಸಿದ್ದು ಮೂಲ ಅಳತೆಯ ಎಂಜಿನು.

ನನಗೆ ಎದ್ದು ಕುಣಿಯುವಂತಾಯಿತು. ವ್ಯಾಪಾರಿ ಕೈಯೆತ್ತಿ ತಡೆದರು. “ತಾಳಿ. ಕೊರೆದು ಕೊರೆದು ಮುಗಿದ ಬ್ಲಾಕಿಗೆ ಒಳಗೆ ಉಕ್ಕಿನ ತೋಳು ತೊಡಿಸಿ ಮತ್ತೆ ಮೂಲ ಅಳತೆಗೆ ತರುವುದುಂಟು. ಅದಕ್ಕೂ ಮುದ್ರೆಯಿಲ್ಲದ ಪಿಸ್ಟನ್ನೇ. ನಿಮ್ಮ ಮೇಸ್ತ್ರಿ ಅಂಥದನ್ನು ತಂದಿದ್ದರೆ?”

ಬೆಂಗಳೂರಿನಲ್ಲಿ ತಲೆ ಬಿಚ್ಚಿದ್ದಾಗ ತೆಗೆದ ಚಿತ್ರವೊಂದು ಫೋನಿನಲ್ಲಿತ್ತು. ಅದನ್ನು ದೊಡ್ಡದು ಮಾಡಿ ಅವರು ಬಿಸಿಲಿಗೆ ಒಯ್ದರು. ತೋಳು ತೊಡಿಸಿದ ಬ್ಲಾಕಿನ ಮೇಲ್ಮೈಯಲ್ಲಿ ಪ್ರತಿ ಸಿಲಿಂಡರಿನ ಸುತ್ತ ಒಂದು ಸಣ್ಣ ಗೆರೆ, ಬಟ್ಟಲಿನ ಅಂಚಿನಂತೆ, ಕಾಣಲೇಬೇಕು. ಆಮೇಲೆ ಎಷ್ಟು ಕೊರೆದರೂ ಅದು ಅಳಿಯದು. ಒಂದು, ಎರಡು, ಮೂರು, ನಾಲ್ಕು ಎಂದು ಅವರು ಬೆರಳಿಟ್ಟು ಎಣಿಸಿದರು. ಗೆರೆಯಿರಲಿಲ್ಲ. ಒಂದೇ ಎರಕದ ಕಬ್ಬಿಣ.

“ಹೆಚ್ಚು ಓಡದ ಎಂಜಿನು” ಎಂದರು. “ಅಪಘಾತದಲ್ಲಿ ನುಜ್ಜಾದ ಹೊಸ ಕಾರಿನದಿರಬಹುದು. ಗೇರುಪೆಟ್ಟಿಗೆಯ ಸಮೇತ ತಂದಿರಬೇಕು. ನಿಮ್ಮ ತಂದೆ ಎಷ್ಟು ಕೊಟ್ಟರು?” ತಂದೆಯವರ ದಿನಚರಿಯಲ್ಲಿ ಬರೆದಿಟ್ಟ ಮೊತ್ತವನ್ನು ಹೇಳಿದೆ. ಅದು ಸಾಧಾರಣ ರಿಪೇರಿಗೆ ಕೊಡುವಷ್ಟು ಹಣ. ಮುದುಕರು ಸ್ವಲ್ಪ ಹೊತ್ತು ಸುಮ್ಮನಿದ್ದು, ವರ್ನಿಯರನ್ನು ಜೇಬಿಗೆ ಸೇರಿಸಿ, ರಿಂಗುಗಳನ್ನು ಹುಡುಕಲು ಒಳಗೆ ಹೋದರು.

ಮೇಸ್ತ್ರಿ ಏಕೆ ಬಾಯಿಬಿಡಲಿಲ್ಲವೆಂಬುದನ್ನು ರಾತ್ರಿಯ ರೈಲಿನಲ್ಲಿ ಬಹಳವಾಗಿ ಯೋಚಿಸಿದೆನು. ಬೆಲೆ ಹೇಳಿದರೆ ಡಾಕ್ಟರು ಬೇಡವೆಂದಾರೆಂದೋ. 1965ರ ಮಳೆಗಾಲದಲ್ಲಿ ತಂದೆಯವರು ಅವರ ಮನೆಯಲ್ಲಿ ಎರಡು ರಾತ್ರಿ ಕುಳಿತು ಮಗುವೊಂದನ್ನು ಉಳಿಸಿದ್ದರೆಂದು ನನ್ನ ತಾಯಿ ಹೇಳುತ್ತಿದ್ದರು, ಅದಕ್ಕೋ. ಊರಿಗೆ ಬಂದು ತಾಯಿಗೆ ಅಳತೆಗಳನ್ನೆಲ್ಲ ವಿವರಿಸಿದೆ. ಅವರು 73.5ರ ಲೆಕ್ಕಕ್ಕೆ ಕಿವಿಗೊಡಲಿಲ್ಲ. “ಆತ ದೀಪಾವಳಿಗೆ ಕಬ್ಬು ಕಳಿಸುತ್ತಿದ್ದ. ನಾವು ಹಿಂದಕ್ಕೆ ಕಳಿಸಿದೆವು” ಎಂದರು.

ಶಿವಮೊಗ್ಗದಲ್ಲಿ ಮೇಸ್ತ್ರಿಯ ಮಗ ತಂದೆಯ ಜಾಗದಲ್ಲಿಯೇ ಸಣ್ಣ ಅಂಗಡಿ ನಡೆಸುತ್ತಿದ್ದಾರೆ. ಆ ಮಳೆಗಾಲದ ಮಗು ಅವರೇ. ಜನವರಿಯಲ್ಲಿ ಅಲ್ಲಿಗೆ ಹೋಗಿ, ಟವೆಲನ್ನು ಬಿಚ್ಚಿ, ಪಿಸ್ಟನ್ನನ್ನು ಅವರ ಮೇಜಿನ ಮೇಲಿಟ್ಟು, ಬಂದ ಕಾರಣವನ್ನು ತಡವರಿಸುತ್ತ ಹೇಳಿದೆನು. ಅವರು ಕೇಳಿಸಿಕೊಂಡರು. ಪಿಸ್ಟನ್ನನ್ನು ತಿರುಗಿಸಿ, ಉಗುರಿನಿಂದ ರಿಂಗಿನ ಕಾಲುವೆಯನ್ನು ಕೆರೆದು ನೋಡಿದರು.

“40ರ ರಿಂಗು ಸಿಕ್ಕಿತೇ?” ಎಂದು ಕೇಳಿದರು.

ಸಿಕ್ಕಿತೆಂದೆ.

“ಹಾಗಾದರೆ ಗಾಡಿ ಇಲ್ಲಿಗೆ ತನ್ನಿ.”